ನೈಋತ್ಯದ ಕೋಣೆ

ದಾಕ್ಷಾಯಣಿ ಮೇಡಂ ನಿವೃತ್ತರಾದ ದಿನವೇ ಇನ್ನು ಯಾವ ಮೀಟಿಂಗಿಗೂ ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದರು. ಸರ್ವೀಸಿನ ಉದ್ದಕ್ಕೂ ಗುಬ್ಬಿ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿದವರು ಅವರು. ಪಾಠ ಮಾಡುವುದು ಯಾವತ್ತೂ ಬೇಸರ ತರಿಸಿರಲಿಲ್ಲ. ಬೇಸರ ತರಿಸಿದ್ದು ಸ್ಟಾಫ್ ರೂಮಿನ ಸಭೆಗಳು. ಮೊದಲೇ ಆಗಿಹೋಗಿದ್ದ ತೀರ್ಮಾನವನ್ನು ಎಲ್ಲರೂ ಸೇರಿ ಇನ್ನೊಮ್ಮೆ ತೀರ್ಮಾನಿಸಿ, ಬೋಂಡ ತಿಂದು ಏಳುವ ಸಭೆಗಳು.

ಆದರೂ ಒಂದು ಭಾನುವಾರ ಬೆಳಿಗ್ಗೆ ತುಮಕೂರಿನ ಅಶೋಕನಗರದ ಅವರ ಮನೆಗೆ ಇಬ್ಬರು ದೊಡ್ಡ ಮನುಷ್ಯರು ಬಂದು ಕೂತಾಗ ಬೇಡ ಎನ್ನುವುದು ಕಷ್ಟವಾಯಿತು. ಒಬ್ಬರು ಗುಬ್ಬಿ ಗೇಟ್ ಹತ್ತಿರ ಸಿಮೆಂಟ್ ಏಜೆನ್ಸಿ ನಡೆಸುವ ಮಹಾಲಿಂಗಯ್ಯ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಫೋನು. ಇನ್ನೊಬ್ಬರು ಸೋಮಶೇಖರ್. ತುಮಕೂರಿನಿಂದ ಗುಬ್ಬಿಯವರೆಗೆ ರಸ್ತೆಯ ಎರಡೂ ಪಕ್ಕದ ಹೊಲಗಳಿಗೆ ಕಲ್ಲು ನೆಟ್ಟು, ಅವಕ್ಕೆಲ್ಲ ಹೂವಿನ ಹೆಸರಿಟ್ಟು ಸೈಟು ಮಾರಿದವರು.

"ಮೇಡಮ್ನೋರೆ, ಭೂಮಿ ಉಳಿಸೋಕೆ ಒಂದು ಟ್ರಸ್ಟ್ ಮಾಡಿದೀವಿ. ‘ನೆಲದಾಯಿ’ ಅಂತ ಹೆಸರು," ಎಂದರು ಮಹಾಲಿಂಗಯ್ಯ. "ಬೋರ್ಡಲ್ಲಿ ಮೂರೂ ಜನ ಗಂಡಸ್ರೇ ಇದೀವಿ. ತಾಯಿ ಅಂತ ಹೆಸರಿಟ್ಕಂಡು ಒಬ್ಬ ಹೆಣ್ಮಗಳಿಲ್ಲ ಅಂದ್ರೆ ನೋಡ್ದೋರು ಏನಂತಾರೆ?"

ದಾಕ್ಷಾಯಣಿ ಸೋಮಶೇಖರ್ ಕಡೆ ನೋಡಿದರು. "ನೀವೂ ಭೂಮಿ ಉಳಿಸ್ತೀರಾ?"

ಸೋಮಶೇಖರ್‌ಗೆ ಬೇಸರವೇನೂ ಆಗಲಿಲ್ಲ. "ಮೇಡಂ, ಈ ತಾಲ್ಲೂಕಲ್ಲಿ ಎಷ್ಟು ಭೂಮಿ ಹೋಗಿದೆ ಅಂತ ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು ಹೇಳಿ? ಮಿಕ್ಕಿರೋದನ್ನ ಉಳಿಸೋ ಜವಾಬ್ದಾರಿನೂ ನಂದೇ ಅಲ್ವಾ?"

ಈ ಮಾತಿಗೆ ಉತ್ತರ ಹೊಳೆಯದೆ ಅವರು ಒಪ್ಪಿಕೊಂಡರು ಎಂದರೆ ಪೂರ್ತಿ ನಿಜವಾಗುವುದಿಲ್ಲ. ನಿಟ್ಟೂರಿನ ಶಾಲೆಯಲ್ಲಿದ್ದಾಗ ಅವರು ಮಕ್ಕಳನ್ನು ಹತ್ತಿರದ ಬಯಲಿಗೆ ಕರೆದುಕೊಂಡು ಹೋಗಿ ಇರುವೆಗೂಡು, ಗೌಜಲು ಹಕ್ಕಿಯ ಮೊಟ್ಟೆ, ತಂಗಡಿ ಗಿಡದ ಮೇಲಿನ ಚಿಟ್ಟೆ ಹುಳು ಎಲ್ಲ ತೋರಿಸುತ್ತಿದ್ದರು. ಈಗ ಬಸ್ಸಿನಲ್ಲಿ ಆ ಕಡೆ ಹೋದರೆ ಬಯಲು ಇದ್ದ ಜಾಗದಲ್ಲಿ ಬೀದಿದೀಪದ ಕಂಬಗಳು ನಿಂತಿರುತ್ತಿದ್ದವು. ಕಂಬಗಳ ಕೆಳಗೆ ಬೀದಿಯೂ ಇಲ್ಲ, ಮನೆಯೂ ಇಲ್ಲ. ಇಷ್ಟಾದರೂ ಯಾರೋ ಏನೋ ಮಾಡುತ್ತಿದ್ದಾರಲ್ಲ ಎನ್ನಿಸಿ ಹೂಂ ಎಂದುಬಿಟ್ಟರು.

ಟ್ರಸ್ಟಿನ ಸಭೆ ನಡೆಯುತ್ತಿದ್ದುದು ಮಹಾಲಿಂಗಯ್ಯನವರ ಸಿಮೆಂಟ್ ಗೋಡೌನಿನ ಮಹಡಿಯಲ್ಲಿ. ಕೆಳಗೆ ಲಾರಿಯಿಂದ ಮೂಟೆ ಇಳಿಸಿದಾಗಲೆಲ್ಲ ಮೇಲಿನ ಕಾಫಿ ಲೋಟಗಳ ಮೇಲೆ ಬೂದು ಧೂಳು ಕೂರುತ್ತಿತ್ತು. ಮಹಾಲಿಂಗಯ್ಯ ಅಧ್ಯಕ್ಷರು, ಸೋಮಶೇಖರ್ ಕಾರ್ಯದರ್ಶಿ. ಖಜಾಂಚಿ ಕರಿಸಿದ್ದಪ್ಪ ಎಂಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೊನೆಗೆ ಯಾರು ಮಾತಾಡಿದರೋ ಅವರ ಮಾತೇ ಸರಿ ಎನ್ನುವುದು ಕರಿಸಿದ್ದಪ್ಪನವರ ಸ್ವಭಾವ. ಬ್ಯಾಂಕಿನಲ್ಲಿ ಇದರಿಂದ ಅವರಿಗೆ ಒಳ್ಳೆಯ ಹೆಸರು ಬಂದಿತ್ತು.

ಟ್ರಸ್ಟಿಗೆ ಉಳಿಸಲು ಒಂದು ಜಮೀನೂ ಇತ್ತು. ಗುಬ್ಬಿ ದಾಟಿ ಸಿ.ಎಸ್. ಪುರದ ಕಡೆಗೆ ಹೋದರೆ ಹನುಮಮ್ಮ ಎಂಬ ಕುರಿ ಸಾಕುವ ಮುದುಕಿಯ ನಾಲ್ಕೆಕರೆ ಬೀಳು. ಆಕೆ ಅದನ್ನು ದಾನಪತ್ರ ಬರೆದು ಟ್ರಸ್ಟಿಗೆ ಕೊಟ್ಟಿದ್ದಳು. ಷರತ್ತು ಒಂದೇ: ತಾನಿರುವವರೆಗೂ ತನ್ನ ಕುರಿ ಅಲ್ಲೇ ಮೇಯಬೇಕು.

ಮೊದಲ ಸಲ ನೋಡಲು ಹೋದಾಗ ದಾಕ್ಷಾಯಣಿಯವರಿಗೆ ಎದೆ ತುಂಬಿ ಬಂತು. ಈಶಾನ್ಯಕ್ಕೆ ಮೆಲ್ಲಗೆ ಇಳಿಯುವ ಬಯಲು, ಮೊಣಕಾಲೆತ್ತರದ ಹುಲ್ಲು, ನಡುನಡುವೆ ಕಾರೆ ಪೊದೆ, ಬಾರೆ ಗಿಡ, ಹಳದಿ ತಂಗಡಿ ಹೂ. ಕಾಲಿಟ್ಟಲ್ಲಿ ಪುರ್ರನೆ ಏಳುವ ನೆಲಗುಬ್ಬಿಗಳು. ಅವರು ಹನುಮಮ್ಮನ ಕೈ ಹಿಡಿದುಕೊಂಡು, "ಎಷ್ಟು ದೊಡ್ಡ ಮನಸಮ್ಮ ನಿಮ್ಮದು" ಎಂದರು.

"ಅಯ್ಯೋ, ಮನಸೂ ಇಲ್ಲ ಮಣ್ಣೂ ಇಲ್ಲ ಬುಡವ್ವ," ಎಂದಳು ಹನುಮಮ್ಮ ಎಲೆಯಡಿಕೆ ಉಗಿದು. "ನನ್ ಮೈದ್ನ ಓಬಳಯ್ಯ ಅವ್ನಲ್ಲ, ಯಾವಾಗ ಸಾಯ್ತಾಳೆ ಇವ್ಳು, ಯಾವಾಗ ಮಾರ್ಕಳಾನ ಅಂತ ಕಾಯ್ತಾ ಕುಂತವ್ನೆ. ಅವ್ನ ಕೈಗೆ ಹೋಗ್ಬಾರ್ದು ಅಂತ ನಿಮ್ಗೆ ಬರ್ಕೊಟ್ಟೆ. ನೀವಾದ್ರೂ ಸುಮ್ನೆ ಇಟ್ಕಳಿ ಅಷ್ಟೆ."

ಸುಮ್ಮನೆ ಇಟ್ಟುಕೊಳ್ಳುವುದು ಟ್ರಸ್ಟಿಗೆ ಬಹಳ ಕಷ್ಟದ ಕೆಲಸವಾಗಿತ್ತು. ಹೊರಗಿನ ಜನಕ್ಕೆ ಕೆಲಸ ಕಾಣಬೇಕಲ್ಲ. ಮೊದಲು ಜಮೀನಿನ ಬಾಗಿಲಿಗೆ ಒಂದು ಕಮಾನು ಎದ್ದಿತು. ಎರಡು ಕಾಂಕ್ರೀಟ್ ಕಂಬ, ಮೇಲೊಂದು ಕಾಂಕ್ರೀಟ್ ತೊಲೆ, ಅದರ ಮೇಲೆ ಸಿಮೆಂಟಿನಲ್ಲೇ ಎರಕ ಹೊಯ್ದ ಅಕ್ಷರ: ‘ಭೂಮಿಗೆ ಭಾರವಾಗದಿರೋಣ’. ಅದರ ತಳಪಾಯ ತೋಡುವಾಗ ಜೆಸಿಬಿ ತಿರುಗಿಸಲು ಜಾಗ ಸಾಲದೆ ಒಂದಿಷ್ಟು ಕಾರೆ ಪೊದೆಗಳು ಹೋದವು.

ದಾಕ್ಷಾಯಣಿ ಸಭೆಯಲ್ಲಿ ಆಕ್ಷೇಪ ಎತ್ತಿದರು. ಗಿಡ ಕೀಳುವ ಮೊದಲು ನನ್ನನ್ನು ಕೇಳಬೇಕಿತ್ತು ಎಂದರು. ಬೋರ್ಡು ಅವರ ಕಾಳಜಿಯನ್ನು ಮೆಚ್ಚಿ, ಅವರನ್ನು ಸಸ್ಯ ಉಪಸಮಿತಿಯ ಸಂಚಾಲಕಿಯನ್ನಾಗಿ ಮಾಡಿತು. ಮುಂದಿನ ಸಭೆಯಲ್ಲಿ ಸೋಮಶೇಖರ್ ಹುಲ್ಲು ಬಹಳ ಒಣಗಿದಂತೆ ಕಾಣುತ್ತದೆ, ಅದನ್ನು ಕಿತ್ತು ಕಾರ್ಪೆಟ್ ಹುಲ್ಲು ಹಾಸೋಣ ಎಂದರು. ದಾಕ್ಷಾಯಣಿ ಮೇಜು ಕುಟ್ಟಿ ಬೇಡವೆಂದರು. ಅವರಿಗೆ ಹುಲ್ಲು ಉಪಸಮಿತಿಯೂ ಸಿಕ್ಕಿತು. ಆರು ತಿಂಗಳೊಳಗೆ ಅವರ ಹೆಸರಿನ ಮುಂದೆ ಎಷ್ಟು ಪದವಿಗಳು ಸೇರಿದವೆಂದರೆ, ಟ್ರಸ್ಟಿನ ಕರಪತ್ರದಲ್ಲಿ ಅಧ್ಯಕ್ಷರಿಗಿಂತ ಅವರಿಗೇ ಹೆಚ್ಚು ಜಾಗ ಬೇಕಾಗುತ್ತಿತ್ತು. ಒಂದು ಪದವಿಯಿಂದಲೂ ಒಂದು ಹುಲ್ಲುಕಡ್ಡಿ ಉಳಿದಂತೆ ಅವರಿಗೆ ಕಾಣಲಿಲ್ಲ.

ಆಮೇಲೆ ಭವನದ ಮಾತು ಬಂತು.

"ಭೂ ಸಂರಕ್ಷಣಾ ಭವನ," ಎಂದರು ಮಹಾಲಿಂಗಯ್ಯ, ಮೇಜಿನ ಮೇಲೆ ನಕ್ಷೆ ಹರಡಿ. ಎರಡು ಮಹಡಿ, ಮುನ್ನೂರು ಜನರ ಸಭಾಂಗಣ, ಮುಂದೆ ಟೈಲ್ಸ್ ಹಾಕಿದ ಪಾರ್ಕಿಂಗ್, ಹಿಂದೆ ಊಟದ ಹಾಲು. "ಸ್ಟೇಟ್‌ನಲ್ಲೇ ಇಲ್ಲ ಇಂಥದ್ದು."

"ಸರ್, ನಾವು ಆ ಜಾಗ ತಗೊಂಡಿರೋದೇ ಏನೂ ಕಟ್ಟಬಾರ್ದು ಅಂತ," ಎಂದರು ದಾಕ್ಷಾಯಣಿ.

"ಕರೆಕ್ಟ್ ಮೇಡಂ. ಭೂಮಿ ಮೇಲೆ ಸಿಕ್‌ಸಿಕ್ಕಂಗೆ ಕಟ್ಟಬಾರ್ದು ಅಂತ ಜನಕ್ಕೆ ತಿಳುವಳಿಕೆ ಕೊಡ್ಬೇಕಲ್ಲ? ಬಿಸಿಲಲ್ಲಿ ನಿಲ್ಲಿಸ್ಕಂಡು ಹೇಳೋಕಾಯ್ತದಾ? ಅದಕ್ಕೊಂದು ಕಟ್ಟಡ ಬೇಕೇಬೇಕು."

"ಅದು ಸರಿ," ಎಂದರು ಕರಿಸಿದ್ದಪ್ಪ.

"ಕರಿಸಿದ್ದಪ್ಪನೋರೆ, ಕಟ್ಟಬೇಡಿ ಅಂತ ಹೇಳೋಕೆ ಕಟ್ಟೋದು ಸರಿನಾ?"

"ನೀವು ಹೇಳೋದೂ ಸರಿಯಾಗೇ ಇದೆ," ಎಂದರು ಕರಿಸಿದ್ದಪ್ಪ.

ಸೋಮಶೇಖರ್ ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ಸರ್ವಾನುಮತದಿಂದ ಒಪ್ಪಿಗೆ ಆಯ್ತು ಅಂತ ಬರ್ಕೋತೀನಿ."

"ನಾನು ಒಪ್ಪಿಲ್ಲ!"

"ನೀವು ಒಪ್ಪಿಲ್ಲ ಅನ್ನೋದನ್ನೂ ಎಲ್ರೂ ಒಪ್ಪಿದೀವಲ್ಲ ಮೇಡಂ. ಅದೂ ಸರ್ವಾನುಮತಾನೇ."

ಸಿಮೆಂಟು ಯಾರ ಗೋಡೌನಿನಿಂದ ಬರುತ್ತದೆ, ಕಟ್ಟುವ ಕಂಟ್ರಾಕ್ಟು ಯಾರದು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಏಳುವ ಮುಂಚೆ ಮಹಾಲಿಂಗಯ್ಯ ಒಂದು ಮಾತು ಸೇರಿಸಿದರು: "ಆದ್ರೆ ಒಂದು. ವಾಸ್ತು ನೋಡಿಸ್ದೆ ನಾನು ಒಂದು ಇಟ್ಟಿಗೆನೂ ಇಡಲ್ಲ. ಕುಣಿಗಲ್ ಗಂಗರಾಜು ಗುರೂಜಿನ ಕರೆಸ್ತೀನಿ. ಅವ್ರು ಬೇಡ ಅಂದ್ರೆ ಬೇಡ, ಅಲ್ಲಿಗೆ ಮುಗೀತು."

ಗಂಗರಾಜು ಎಂಬ ಹೆಸರು ಕೇಳಿ ದಾಕ್ಷಾಯಣಿಯವರ ಕಿವಿ ನಿಮಿರಿತು. ನಿಟ್ಟೂರಿನಲ್ಲಿ ಅವರ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಆ ಹೆಸರಿನ ಹುಡುಗನೊಬ್ಬ ಇದ್ದ. ಅವನ ಅಪ್ಪ ಆಮೇಲೆ ಕುಣಿಗಲ್ಲಿಗೆ ಸಂಸಾರ ಸಾಗಿಸಿದ್ದರೆಂದೂ ನೆನಪು.

ಮಾರನೆಯ ದಿನವೇ ಅವರು ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದರು. ದಾರಿಯುದ್ದಕ್ಕೂ ತಮ್ಮನ್ನು ತಾವೇ ಬೈದುಕೊಂಡರು. ಗ್ರಹಣದ ದಿನ ಮಕ್ಕಳಿಗೆ ಕ್ಲಾಸಿನಲ್ಲೇ ಚಿತ್ರಾನ್ನ ತಿನ್ನಿಸಿ, ಊರಿನವರ ಕೈಲಿ ಬೈಸಿಕೊಂಡ ತಾನು ಇವತ್ತು ವಾಸ್ತುವಿನವನ ಮನೆಬಾಗಿಲಿಗೆ ಹೋಗುತ್ತಿದ್ದೇನೆ! ಆದರೆ ಆ ನೆಲಗುಬ್ಬಿಗಳ ಮೇಲೆ ಊಟದ ಹಾಲು ಬರುವುದನ್ನು ನೆನೆದರೆ ಬೇರೆ ದಾರಿ ಕಾಣುತ್ತಿರಲಿಲ್ಲ.

ದೊಡ್ಡಕೆರೆಯ ಹತ್ತಿರ ಅವನ ಆಫೀಸು. ಒಳಗೆ ಕಾಲಿಡುತ್ತಿದ್ದಂತೆ ರೇಷ್ಮೆ ಜುಬ್ಬ ತೊಟ್ಟ, ದಪ್ಪಗಿನ ಒಬ್ಬ ಮನುಷ್ಯ ಎದ್ದು ಬಂದು ಅವರ ಕಾಲಿಗೆ ಬಿದ್ದ. ಕಾಯುತ್ತ ಕೂತಿದ್ದ ಜನ ಗುರೂಜಿಗೇ ಗುರುಗಳಾದ ಈ ಹೆಂಗಸು ಯಾರೆಂದು ಎದ್ದು ನಿಂತರು.

"ನಮ್ ಮೇಡಂ ಕಣ್ರೀ ಇವ್ರು!" ಎಂದ ಗಂಗರಾಜು ಎಲ್ಲರಿಗೂ ಕೇಳುವಂತೆ. "ನನಗೆ ದಿಕ್ಸೂಚಿ ಅಂದ್ರೆ ಏನು ಅಂತ ಕಲಿಸ್ದೋರೇ ಇವ್ರು. ಆ ಪಾಠ ಕೇಳಿ ತಲೆ ಕೆಟ್ಟೋಯ್ತು ನನಗೆ. ಯಾರೂ ಮುಟ್ಟದೇನೇ ಮುಳ್ಳು ಉತ್ತರಕ್ಕೆ ತಿರುಗ್ತದಲ್ಲ! ಆವತ್ತೇ ಅನ್ಕಂಡೆ, ದಿಕ್ಕಲ್ಲಿ ಏನೋ ಇದೆ ಅಂತ."

ತಾವು ಅಷ್ಟು ಪ್ರೀತಿಯಿಂದ ಮಾಡುತ್ತಿದ್ದ ಕಾಂತತ್ವದ ಪಾಠ ಕೊನೆಗೆ ಹೀಗೆ ಫಲ ಬಿಟ್ಟದ್ದನ್ನು ನೋಡಿ ದಾಕ್ಷಾಯಣಿ ಕುರ್ಚಿಯಲ್ಲಿ ಕುಸಿದರು. ಎಳನೀರು ಕುಡಿದು ಸುಧಾರಿಸಿಕೊಂಡ ಮೇಲೆ, ಒಳಕೋಣೆಯಲ್ಲಿ ಇಬ್ಬರೇ ಇದ್ದಾಗ, ಬಂದ ವಿಷಯ ಹೇಳಿದರು. ಜಮೀನು, ಹುಲ್ಲು, ಹಕ್ಕಿ, ಭವನ ಎಲ್ಲ ವಿವರಿಸಿ, "ಆ ಜಾಗ ಸರಿಯಿಲ್ಲ, ಕಟ್ಟಿದ್ರೆ ಅಧ್ಯಕ್ಷರಿಗೆ ಆಗಿಬರಲ್ಲ ಅಂತ ಒಂದ್ ಮಾತು ಹೇಳಿಬಿಡಪ್ಪ," ಎಂದರು.

ಗಂಗರಾಜುವಿನ ಮುಖ ಸಣ್ಣದಾಯಿತು.

"ಜಾಗ ಸರಿ ಇದ್ರೆ?"

"ಸರಿ ಇದ್ರೂ ಹೇಳು."

"ಸುಳ್ಳು ಹೇಳು ಅಂತೀರಾ ಮೇಡಂ?" ಅವನ ದನಿಯಲ್ಲಿ ನಿಜವಾದ ನೋವಿತ್ತು. "ಟೆಸ್ಟಲ್ಲಿ ಕಾಪಿ ಹೊಡ್ದಿದ್ದಕ್ಕೆ ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಹೇಳಿದ್ರಿ, ಸುಳ್ಳು ಮಾಡಿ ಗೆಲ್ಲೋದಕ್ಕಿಂತ ಫೇಲಾಗೋದು ಮೇಲು ಅಂತ. ಫೇಲೂ ಆದೆ. ಆವತ್ತಿಂದ ಇವತ್ತಿನವರ್ಗೂ ಶಾಸ್ತ್ರದಲ್ಲಿ ಇಲ್ದೇ ಇರೋದನ್ನ ಒಂದು ಮಾತು ಹೇಳಿಲ್ಲ ನಾನು. ಬೇರೆ ಏನಾದ್ರೂ ಕೇಳಿ ಮೇಡಂ, ಜೀವ ಕೊಡ್ತೀನಿ."

ಬಸ್ ಸ್ಟ್ಯಾಂಡಿನವರೆಗೂ ತನ್ನ ಕಾರಿನಲ್ಲೇ ಬಿಟ್ಟುಬಂದ. ಹತ್ತುವ ಮುಂಚೆ ಅವರ ಜೊತೆ ಒಂದು ಸೆಲ್ಫಿಯನ್ನೂ ತೆಗೆದುಕೊಂಡ. ಬಸ್ಸಿನಲ್ಲಿ ಕೂತ ದಾಕ್ಷಾಯಣಿಯವರಿಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಕೋಪ. ತಮ್ಮ ಶಿಷ್ಯರಲ್ಲಿ, ತಾವು ಹೇಳಿದ ಮಾತನ್ನು ಇಷ್ಟು ನಿಯತ್ತಾಗಿ ಪಾಲಿಸಿದವನು ಇವನೊಬ್ಬನೇ ಇರಬೇಕು. ಅವನಿಗೂ ಅದು ಮರೆತುಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

ವಾಸ್ತು ನೋಡಲು ಗೊತ್ತು ಮಾಡಿದ್ದ ದಿನ ಎಲ್ಲರೂ ಜಮೀನಿಗೆ ಹೋದರು. ಹನುಮಮ್ಮ ಕುರಿಗಳ ಜೊತೆ ಅಲ್ಲೇ ಇದ್ದಳು. ಗಂಗರಾಜು ಚಪ್ಪಲಿ ಬಿಟ್ಟು ಬಯಲಿನ ನಡುವೆ ನಿಂತು, ಹಿತ್ತಾಳೆಯ ದಿಕ್ಸೂಚಿ ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದ. ದಾಕ್ಷಾಯಣಿ ಕಮಾನಿನ ನೆರಳಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ, ವಾಸ್ತು ದೋಷವೊಂದು ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಗಂಗರಾಜು ಕಣ್ಣು ಬಿಟ್ಟ.

"ಇಷ್ಟು ವರ್ಷದಲ್ಲಿ ಇಂಥ ಜಾಗ ನೋಡಿಲ್ಲ. ಈಶಾನ್ಯಕ್ಕೆ ಇಳಿಜಾರು, ನೈಋತ್ಯ ಎತ್ತರ, ಪೂರ್ವ ಪೂರ್ತಿ ಬಯಲು. ಒಂದೇ ಒಂದು ದೋಷ ಇಲ್ಲ. ಕಟ್ಟಿ, ಧಾರಾಳವಾಗಿ ಕಟ್ಟಿ." ಹೇಳಿ, ಮೇಡಂ ಕಡೆಗೆ ಕ್ಷಮೆ ಕೇಳುವಂತೆ ನೋಡಿದ.

ಮಹಾಲಿಂಗಯ್ಯ ಕೈ ಮುಗಿದರು. ಸೋಮಶೇಖರ್ ಫೋನ್ ತೆಗೆದು ಜೆಸಿಬಿಯವನಿಗೆ ರಿಂಗ್ ಮಾಡತೊಡಗಿದರು. ಗಂಗರಾಜು ಸುಣ್ಣದ ಪುಡಿ ತೆಗೆದುಕೊಂಡು ಹುಲ್ಲಿನ ಮೇಲೆ ಗೆರೆ ಎಳೆಯುತ್ತ ಹೊರಟ. ಇದು ಸಭಾಂಗಣ, ಇದು ಅಡುಗೆ, ಇದು ನೀರಿನ ಸಂಪು. ಕೊನೆಗೆ ಎತ್ತರದ ಮೂಲೆಗೆ ಬಂದು ಒಂದು ಚೌಕ ಬರೆದ.

"ಇದು ನೈಋತ್ಯ. ಯಜಮಾನನ ಕೋಣೆ. ಇಲ್ಲಿ ಕೂತೋನ ಮಾತೇ ಇಡೀ ಕಟ್ಟಡದಲ್ಲಿ ನಡೆಯೋದು. ಮಿಕ್ಕೋರು ಎಷ್ಟೇ ದೊಡ್ಡೋರಾಗ್ಲಿ, ಇವನ ಕೈ ಕೆಳಗೇ."

"ಆಯ್ತು," ಎಂದರು ಮಹಾಲಿಂಗಯ್ಯ ಚೌಕದೊಳಗೆ ಹೋಗಿ ನಿಂತು. "ಇಲ್ಲಿ ಗಾಳಿನೂ ಚೆನ್ನಾಗದೆ."

ಸೋಮಶೇಖರ್ ಫೋನನ್ನು ಕಿವಿಯಿಂದ ತೆಗೆದರು. "ಒಂದ್ನಿಮಿಷ ಅಣ್ಣಾ. ಅಧ್ಯಕ್ಷರದ್ದು ಗೌರವದ ಸ್ಥಾನ. ಮುಂದೆ ದೊಡ್ಡ ರೂಮು ಕೊಡೋಣ, ಸೋಫಾ ಹಾಕ್ಸೋಣ. ದಿನಾ ಕೂತು ನಡೆಸೋನು ಕಾರ್ಯದರ್ಶಿ ಅಲ್ವಾ? ಈ ರೂಮು ಅವನಿಗೇ ಇರ್ಬೇಕಾಗುತ್ತೆ."

"ಏನಂದೆ?"

"ಪ್ರೊಸೀಜರ್ ಹೇಳ್ದೆ ಅಷ್ಟೆ."

"ಗುರೂಜಿ, ನೀವೇ ಹೇಳಿ. ಅಧ್ಯಕ್ಷ ಯಜಮಾನನೋ, ಕಾರ್ಯದರ್ಶಿ ಯಜಮಾನನೋ?"

ಗಂಗರಾಜು ನಿಜವಾಗಿಯೂ ಯೋಚಿಸಿದ. "ಶಾಸ್ತ್ರದಲ್ಲಿ ಅಧ್ಯಕ್ಷನೂ ಇಲ್ಲ, ಕಾರ್ಯದರ್ಶಿನೂ ಇಲ್ಲ ಸಾರ್. ಯಜಮಾನ ಅಂತ ಮಾತ್ರ ಇದೆ. ಅದು ಯಾರು ಅಂತ ನೀವೇ ತೀರ್ಮಾನ ಮಾಡ್ಕಬೇಕು."

ಇಬ್ಬರೂ ಒಮ್ಮೆಲೇ ಕರಿಸಿದ್ದಪ್ಪನವರ ಕಡೆ ತಿರುಗಿದರು. ಪಾಪ, ಕರಿಸಿದ್ದಪ್ಪ ಹಿಂದೆ ಹಿಂದೆ ಸರಿಯುತ್ತ ಹೋಗಿ, ಅಗ್ನಿಮೂಲೆಯ ಗೆರೆ ದಾಟಿ ಅಡುಗೆಮನೆಯಲ್ಲಿ ನಿಂತುಕೊಂಡರು.

"ಸಿಮೆಂಟ್ ಕೊಡೋನು ನಾನು ಕಣಯ್ಯ!" ಮಹಾಲಿಂಗಯ್ಯನವರ ದನಿ ಏರಿತು.

"ಕೊಡೋನಾ? ಬಿಲ್ ಹಾಕೋನಾ?"

"ಸೈಟ್ ಮಾರೋ ನನ್ಮಗ ನೀನು ನನಗೆ ಬಿಲ್ಲಿನ ವಿಷ್ಯ ಹೇಳ್ತೀಯೇನ್ಲಾ?"

ಹನುಮಮ್ಮ ಕುರಿ ಬಿಟ್ಟು ಹತ್ತಿರ ಬಂದು, ಸೆರಗು ಬಾಯಿಗಿಟ್ಟುಕೊಂಡು ದಾಕ್ಷಾಯಣಿಯವರನ್ನು ಕೇಳಿದಳು: "ಅಲ್ಲ ಕಣವ್ವಾ, ಇನ್ನೂ ಗೋಡೇನೇ ಎದ್ದಿಲ್ಲ. ಯಾವ ರೂಮಿಗೆ ಬಡ್ಕಂತಾವ್ರೆ ಇವ್ರು?"

ಅವತ್ತು ಒಂದೇ ಕಾರಿನಲ್ಲಿ ಬಂದಿದ್ದವರು ಬೇರೆ ಬೇರೆಯಾಗಿ ವಾಪಸಾದರು.

ವಾರದೊಳಗೆ ಇಬ್ಬರೂ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು, ದಾಕ್ಷಾಯಣಿಯವರ ಮನೆಗೆ ಬಂದರು. ಸ್ಟಾಫ್ ರೂಮಿನಲ್ಲಿ ಎಷ್ಟೋ ಜಗಳ ಬಿಡಿಸಿದ್ದ ಹೆಂಗಸು ಅವರು. ಒಂದು ವರ್ಷ ನೀವು ಕೂತ್ಕೊಳ್ಳಿ, ಇನ್ನೊಂದು ವರ್ಷ ಅವರು ಕೂತ್ಕೊಳ್ಳಲಿ ಎಂದುಬಿಟ್ಟಿದ್ದರೆ ಒಂದು ಲೋಟ ಕಾಫಿಯಲ್ಲಿ ಎಲ್ಲ ಮುಗಿಯುತ್ತಿತ್ತು. ಆ ಮಾತು ಅವರ ನಾಲಿಗೆಯ ತುದಿಗೂ ಬಂತು.

ಮೊದಲು ಬಂದದ್ದು ಮಹಾಲಿಂಗಯ್ಯ. "ನೀವು ನ್ಯಾಯವಾಗಿ ಹೇಳಿ ಮೇಡಮ್ನೋರೆ. ಟ್ರಸ್ಟ್ ಹುಟ್ಸಿದ್ದು ಯಾರು?"

ದಾಕ್ಷಾಯಣಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಆಮೇಲೆ ನಿಧಾನವಾಗಿ, "ನೀವೇ ಸರ್. ಸ್ವಾಭಿಮಾನ ಇರೋರು ಇಂಥದ್ರಲ್ಲಿ ಬಿಟ್ಟುಕೊಡಬಾರ್ದು," ಎಂದರು.

ಮಹಾಲಿಂಗಯ್ಯನವರ ಕಣ್ಣು ತುಂಬಿ ಬಂತು. ಎರಡು ದಿನ ಬಿಟ್ಟು ಸೋಮಶೇಖರ್ ಬಂದಾಗ, "ಕೆಲಸ ಮಾಡೋರು ನೀವು. ಇವತ್ತು ಬಗ್ಗಿದ್ರೆ ಕೊನೆವರೆಗೂ ಬಗ್ತಾನೇ ಇರಬೇಕಾಗುತ್ತೆ," ಎಂದರು. ಬಾಗಿಲವರೆಗೆ ಕಳಿಸಿ ಒಳಗೆ ಬಂದು ಕನ್ನಡಿ ನೋಡಿಕೊಂಡಾಗ ಮುಖದಲ್ಲಿ ಪಶ್ಚಾತ್ತಾಪ ಇರಬೇಕಿತ್ತು. ಹುಡುಕಿದರು, ಸಿಗಲಿಲ್ಲ.

ಟ್ರಸ್ಟು ಎರಡಾಯಿತು. ಮಹಾಲಿಂಗಯ್ಯನವರು ಗೋಡೌನಿನ ಮಹಡಿಯಲ್ಲಿ ಸಭೆ ಕರೆದು ಸೋಮಶೇಖರ್‌ರನ್ನು ಉಚ್ಚಾಟಿಸಿದರು. ಅದೇ ಸಂಜೆ ಸೋಮಶೇಖರ್ ಬಿ.ಎಚ್. ರಸ್ತೆಯ ಹೋಟೆಲೊಂದರಲ್ಲಿ ಸಭೆ ಕರೆದು ಮಹಾಲಿಂಗಯ್ಯನವರನ್ನು ಉಚ್ಚಾಟಿಸಿದರು. ಎರಡೂ ಸರ್ವಾನುಮತದ ನಿರ್ಣಯಗಳು. ಕರಿಸಿದ್ದಪ್ಪ ಎರಡೂ ಕಡೆ ಕೈ ಎತ್ತಿ, ಎರಡೂ ಕಡೆ ತಿಂಡಿ ತಿಂದು ಬಂದರು. ಎರಡು ಬಣದ ಕರಪತ್ರದಲ್ಲೂ ದಾಕ್ಷಾಯಣಿಯವರ ಹೆಸರಿತ್ತು. ಸೋಮಶೇಖರ್ ಬಣದ್ದರಲ್ಲಿ ಅವರು ಉಪಾಧ್ಯಕ್ಷೆಯೂ ಆಗಿದ್ದರು.

ನಿಜವಾದ ನೆಲದಾಯಿ ಯಾವುದು, ಭವನ ಕಟ್ಟುವ ಹಕ್ಕು ಯಾರಿಗೆ ಎಂದು ವಿಷಯ ಗುಬ್ಬಿಯ ನ್ಯಾಯಾಲಯಕ್ಕೆ ಹೋಯಿತು. ಎರಡು ಕಡೆಯವರ ವಾದ ಕೇಳಿದ ನ್ಯಾಯಾಧೀಶರು, ಸ್ಥಳ ನೋಡಿ ವರದಿ ಕೊಡಲು ಸುಶ್ಮಿತಾ ಎಂಬ ಎಳೆಯ ವಕೀಲೆಯನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಿದರು.

ಸುಶ್ಮಿತಾ ಬಂದ ದಿನ ಎರಡೂ ಬಣದವರು ಕಮಾನಿನ ಆ ಕಂಬಕ್ಕೊಂದು ಗುಂಪು, ಈ ಕಂಬಕ್ಕೊಂದು ಗುಂಪಾಗಿ ನಿಂತಿದ್ದರು. ಮಳೆ ಬಂದು ಗಂಗರಾಜು ಹಾಕಿದ್ದ ಸುಣ್ಣದ ಗೆರೆಗಳೆಲ್ಲ ಕರಗಿ ಹೋಗಿದ್ದವು. ನೈಋತ್ಯದ ಕೋಣೆ ಇದ್ದಲ್ಲಿ ಹನುಮಮ್ಮನ ಟಗರು ಮಲಗಿತ್ತು.

"ವಿವಾದ ಇರೋ ರೂಮು ಎಲ್ಲಿ?" ಎಂದರು ಸುಶ್ಮಿತಾ.

ಇಬ್ಬರೂ ಟಗರಿನ ಕಡೆಗೆ ಬೆರಳು ತೋರಿಸಿದರು.

"ಈಗ ಜಾಗದ ಸ್ವಾಧೀನ ಯಾರ ಹತ್ರ ಇದೆ?"

"ನಮ್ಮ ಹತ್ರ!" ಎಂದರು ಇಬ್ಬರೂ.

"ಅಜ್ಜಿ, ನೀವ್ ಹೇಳಿ. ಇಲ್ಲಿ ಈಗ ಏನು ನಡೀತಾ ಇದೆ?"

"ಕುರಿ ಮೇಯ್ತಾ ಅವೆ ಕಣವ್ವ. ಕಾಣಾಕಿಲ್ವಾ?" ಎಂದಳು ಹನುಮಮ್ಮ. "ಇವ್ರು ಆವಾಗಾವಾಗ ಬಂದು ಕಿರುಚ್ಕಂಡು ಹೋಯ್ತಾರೆ. ಕುರಿ ಹೆದರ್ಕಂತವೆ. ಅದೊಂದು ನಿಲ್ಸವ್ವ, ಪುಣ್ಯ ಬತ್ತದೆ."

ಕಂಡದ್ದನ್ನೇ ಸುಶ್ಮಿತಾ ವರದಿಯಲ್ಲಿ ಹೇಳಿದರು. ಸದರಿ ಜಮೀನಿನಲ್ಲಿ ಹುಲ್ಲು, ಗಿಡಗಂಟಿ, ಹಕ್ಕಿಗಳಿವೆ; ಕುರಿಗಳು ಮೇಯುತ್ತಿವೆ; ಪ್ರವೇಶದಲ್ಲಿ ಒಂದು ಕಮಾನು ಇದೆ; ಬೇರೆ ಕಟ್ಟಡವಿಲ್ಲ. ನ್ಯಾಯಾಧೀಶರು ಅದನ್ನು ಓದಿ, ಮೊಕದ್ದಮೆ ಇತ್ಯರ್ಥವಾಗುವವರೆಗೆ ಯಥಾಸ್ಥಿತಿ ಕಾಪಾಡಬೇಕು, ಈಗ ನಡೆಯುತ್ತಿರುವುದಕ್ಕೆ ಯಾರೂ ಅಡ್ಡಿ ಮಾಡಬಾರದು, ಏನನ್ನೂ ತೋಡಬಾರದು, ಕಡಿಯಬಾರದು, ಕಟ್ಟಬಾರದು ಎಂದು ಆದೇಶ ಮಾಡಿದರು.

ದಾಕ್ಷಾಯಣಿ ಅವತ್ತು ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿದ್ದರು. ಆದೇಶ ಕೇಳುತ್ತ ಕೇಳುತ್ತ ಅವರು ಬೆಂಚಿನ ತುದಿಗೆ ಸರಿದರು. ಇಷ್ಟು ಕಾಲ ಸಭೆಯಿಂದ ಸಭೆಗೆ ಗಂಟಲು ಹರಿದುಕೊಂಡು ಅವರು ಹೇಳಿದ್ದು ಇದನ್ನೇ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಭೂಮಿ ಉಳಿಸುವ ಟ್ರಸ್ಟಿಗೆ ಒಂದು ಸಲವೂ ಅರ್ಥವಾಗದ ಮಾತು ಟ್ರಸ್ಟು ಒಡೆದ ಮೇಲೆ ಕಾನೂನಾಗಿತ್ತು.

ಆದೇಶದ ಬಿಸಿ ಬೇಗನೆ ತಟ್ಟಿತು. ಸೋಮಶೇಖರ್ ಕಡೆಯವರು ತಳಪಾಯಕ್ಕೆಂದು ಒಂದು ಟ್ರ್ಯಾಕ್ಟರ್ ಸೈಜುಗಲ್ಲು ತಂದಾಗ ಮಹಾಲಿಂಗಯ್ಯನವರು ಪೊಲೀಸರನ್ನು ಕರೆಸಿ ವಾಪಸು ಕಳಿಸಿದರು. ಮಹಾಲಿಂಗಯ್ಯನವರ ಕಡೆಯವರು ಬೋರ್‌ವೆಲ್ ಪಾಯಿಂಟ್ ನೋಡಲು ಬಂದಾಗ ಸೋಮಶೇಖರ್ ಫೋಟೊ ತೆಗೆಸಿ ಕೋರ್ಟಿಗೆ ಕೊಟ್ಟರು. ಹಗಲಿಡೀ ಜಮೀನಿನ ಮೇಲೆ ಎರಡೂ ಬಣದವರ ಕಣ್ಣಿರುತ್ತಿತ್ತು. ಅಷ್ಟು ಶ್ರದ್ಧೆಯಿಂದ ಕಾವಲು ಕಾಯುವುದು ಅವರು ಒಂದಾಗಿದ್ದಾಗ ಸಾಧ್ಯವೇ ಇರಲಿಲ್ಲ. ಓಬಳಯ್ಯ ಒಂದು ಸಲ ಬೇಲಿಗೆಂದು ಬಾರೆ ಗಿಡ ಕಡಿಯಲು ಬಂದವನು ಎರಡು ಕಡೆಯಿಂದಲೂ ಬೈಸಿಕೊಂಡು ಓಡಿದ.

ಈ ನಡುವೆ ಗಂಗರಾಜು ಫೋನ್ ಮಾಡಿದ್ದ.

"ಬೇಜಾರಾಯ್ತಾ ಮೇಡಂ ನನ್ ಮೇಲೆ?"

"ಇಲ್ಲಪ್ಪ. ಒಂದ್ ಮಾತು ನಿಜ ಹೇಳು. ಆ ನೈಋತ್ಯದ ವಿಷಯ ಬೇಕು ಅಂತ್ಲೇ ಎತ್ತಿದ್ಯಾ?"

"ಎಲ್ಲಾದ್ರೂ ಉಂಟಾ ಮೇಡಂ! ಇದ್ದಿದ್ದು ಇದ್ದಂಗೆ ಹೇಳ್ದೆ."

ನಿಜವಾದ ಮಾತಿನಿಂದಲೂ ಇಷ್ಟು ಜಗಳ ಹುಟ್ಟುತ್ತದೆಂದು ಗೊತ್ತಿದ್ದರೆ ಸುಳ್ಳು ಹೇಳು ಎಂದು ಕುಣಿಗಲ್ಲಿನವರೆಗೆ ಹೋಗುತ್ತಲೇ ಇರಲಿಲ್ಲವಲ್ಲ ಎಂದುಕೊಂಡು ಅವರು ಫೋನ್ ಇಟ್ಟರು.

ಈಗ ಮೊಕದ್ದಮೆ ಎರಡನೆಯ ವರ್ಷಕ್ಕೆ ಕಾಲಿಟ್ಟಿದೆ. ವಾಯಿದೆಯ ದಿನ ದಾಕ್ಷಾಯಣಿ ತಪ್ಪದೆ ಗುಬ್ಬಿಗೆ ಹೋಗುತ್ತಾರೆ. ಕಳೆದ ಸಲ ಹೋದಾಗ ಮಹಾಲಿಂಗಯ್ಯ ಬೆಂಚಿನ ಈ ತುದಿ, ಸೋಮಶೇಖರ್ ಆ ತುದಿ. ನಡುವೆ ಇವರು. ಕೇಸು ಕೂಗಿದಾಗ ಒಂದು ಕಡೆಯ ವಕೀಲರು ಸಮಯ ಕೇಳಿದರು, ಇನ್ನೊಂದು ಕಡೆಯವರು ಆಕ್ಷೇಪಣೆ ಇಲ್ಲವೆಂದರು. ಮುಂದಿನ ವಾಯಿದೆ ಬೇಸಿಗೆ ರಜೆ ಕಳೆದ ಮೇಲೆ.

"ಏನ್ ಮೇಡಮ್ನೋರೆ ಇದು, ಹಿಂಗೇ ಎಳೀತಾ ಹೋದ್ರೆ ಭೂಮಿ ಉಳಿಸೋದು ಯಾವಾಗ?" ಎಂದರು ಮಹಾಲಿಂಗಯ್ಯ ಹೊರಗೆ ಬರುತ್ತ. ಈಚೆಗೆ ಅವರಿಗೆ ಮೆಟ್ಟಿಲು ಇಳಿಯುವುದು ಕಷ್ಟ.

"ತಾಳ್ಮೆ ಇರಲಿ ಸರ್," ಎಂದರು ದಾಕ್ಷಾಯಣಿ. ಅವರ ಕೋಲನ್ನು ಹಿಡಿದುಕೊಂಡು, ಇಳಿಯುವವರೆಗೂ ತಮ್ಮ ತೋಳು ಕೊಟ್ಟರು.

ಅಲ್ಲಿಂದ ಸಿ.ಎಸ್. ಪುರದ ಬಸ್ಸು ಹಿಡಿದರು. ಹನುಮಮ್ಮ ಬಾರೆ ಗಿಡದ ಕೆಳಗೆ ಕೂತು ಮುದ್ದೆ ಮುರಿಯುತ್ತಿದ್ದಳು. ಇವರನ್ನು ಕಂಡು ಪಕ್ಕದ ಕಲ್ಲನ್ನು ಸೆರಗಿನಿಂದ ಒರೆಸಿದಳು.

"ಏನಾಯ್ತವ್ವ ಕೇಸು?"

"ಮುಂದಕ್ಕೆ ಹೋಯ್ತು."

"ಒಳ್ಳೇದಾಯ್ತು ಬುಡು." ಒಂದು ತುತ್ತು ನುಂಗಿದಳು. "ಅಲ್ಲ, ಮುಂದಕ್ಕೆ ಹೋಗಿ ಹೋಗಿ ಒಂದಿನ ಮುಗ್ದೇ ಮುಗೀತದಲ್ಲ? ಆಗ?"

ದಾಕ್ಷಾಯಣಿ ಕಲ್ಲಿನ ಮೇಲೆ ಕೂತರು. ಮೇಲ್ಮನವಿ ಇದೆ, ಬೆಂಗಳೂರಿನ ಹೈಕೋರ್ಟ್ ಇದೆ, ಅಲ್ಲೂ ವಾಯಿದೆಗಳಿವೆ ಎಂದು ಹೇಳಬಹುದಿತ್ತು. ಅದಾದ ಮೇಲೆ ಏನೆಂದು ಅವರಿಗೂ ಗೊತ್ತಿರಲಿಲ್ಲ. ನಾಲ್ಕು ಹೆಜ್ಜೆ ಆಚೆ ಹುಲ್ಲಿನೊಳಗೆ ಒಂದು ಗೌಜಲು ತನ್ನ ಮರಿಗಳನ್ನು ಸಾಲಾಗಿ ದಾಟಿಸುತ್ತಿತ್ತು. ಕೊನೆಯ ಮರಿ ಕಾಣದಾಗುವವರೆಗೂ ಇಬ್ಬರೂ ಅತ್ತಲೇ ನೋಡಿದರು.

"ಊಟ ಆಗೈತಾ ನಿಂದು?" ಎಂದಳು ಹನುಮಮ್ಮ.

"ಇಲ್ಲ."

ಹನುಮಮ್ಮ ತಟ್ಟೆಯಲ್ಲಿದ್ದ ಮುದ್ದೆಯನ್ನು ಎರಡು ಮಾಡಿದಳು.